ಹಬೀಬಣ್ಣನ ನಂಬರು

…ಅಲ್ಲ ಯಾಸ್ಮಿನ್, ನನಗೆ ಇದನ್ನು ಮೊದಲು ಹೇಳಿದ್ದೇ ಓಂಕಾರಮೂರ್ತಿಯವ್ರು. ಬಸ್‌ಸ್ಟ್ಯಾಂಡ್ ಎದುರಿನ ಬಟ್ಟೆ ಅಂಗಡಿ ಓಂಕಾರಮೂರ್ತಿ, ಇನ್ಯಾರು? ನಾನು ಹುಟ್ಟಿಸಿದ ಮಾತಲ್ಲ. ಬೇಕಾದ್ರೆ ನಿನ್ನ ಈ ಜೆರಾಕ್ಸ್ ಮಿಷನ್ ಮುಟ್ಟಿ ಹೇಳ್ತೀನಿ. ನಗಬೇಡ ಮಾರಾಯ್ತಿ! ಹದಿನಾಲ್ಕು ವರ್ಷ ಪಂಚಾಯಿತಿ ಆಫೀಸಿನಲ್ಲಿ ಕಂಪ್ಯೂಟರ್ ಕುಟ್ಟಿದವಳಿಗೆ ಮುಟ್ಟಿ ಆಣೆ ಮಾಡೋಕೆ ಇನ್ನೇನು ಉಳಿದಿದೆ?

ಅವರ ಅಂಗಡಿ ಮುಂದೆ ಚರಂಡಿ ಕಟ್ಟಿಕೊಂಡಿತ್ತಂತೆ. ಪಂಚಾಯಿತಿಗೆ ಹೊಸ ವೆಬ್‌ಸೈಟ್ ಆಗಿದೆಯಲ್ಲ, ಅದರಲ್ಲಿ 'ದೂರು ನೀಡಲು ಕರೆ ಮಾಡಿ' ಅಂತ ಹಸಿರು ಬಟನ್ನು. ಒತ್ತಿದ್ದಾರೆ ಪಾಪ, ಸರ್ಕಾರದ ಮೇಲೆ ನಂಬಿಕೆ ಇಟ್ಟು. ಆ ಕಡೆಯಿಂದ, "ಕಳಸಕ್ಕಾ? ಎರಡು ಸೀಟಿದೆ, ಬೇಗ ಬನ್ನಿ." ಇವರು, "ಸ್ವಾಮೀ, ಇಲ್ಲಿ ಚರಂಡಿ ಕಟ್ಟಿದೆ." ಅದಕ್ಕೆ ನಿಮ್ಮ ಅಬ್ಬಾ ಹಬೀಬಣ್ಣ ಏನಂದ್ರಂತೆ ಗೊತ್ತಾ? "ಹುಷಾರಾಗಿ ದಾಟಿಕೊಂಡು ಈಚೆ ಬನ್ನಿ ಸಾರ್, ಜೀಪು ಇಲ್ಲೇ ನಿಂತಿದೆ!"

ನಗು ಬರಲ್ವಾ? ನನಗಂತೂ ಬಂತು. ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕೆ. ಓಂಕಾರಮೂರ್ತಿ ನಗಲಿಲ್ಲ. "ನೋಡಿ ಭುವನಾ, ಆ ಹಬೀಬ ಸರ್ಕಾರದ ವೆಬ್‌ಸೈಟಿಗೇ ತನ್ನ ನಂಬರು ತೂರಿಸಿ ಬಾಡಿಗೆ ಹಿಡೀತಾ ಇದಾನೆ" ಅಂದ್ರು. ಅವರೇ ಅಂದದ್ದು. ನಾನು… ನಾನು ಸುಮ್ಮನೆ ಕೇಳಿಸಿಕೊಂಡೆ.

ಗೊತ್ತು, ಗೊತ್ತು. ಮೂರು ದಿನದಿಂದ ಜೀಪ್ ಸ್ಟ್ಯಾಂಡಿನಲ್ಲಿ ಹಬೀಬಣ್ಣನ ಜೀಪನ್ನು ಸಾಲಿನ ಕೊನೆಗೆ ತಳ್ಳಿದಾರೆ ಅಂತ ನನಗೂ ಬಂತು ಸುದ್ದಿ. 'ನಿಂಗೆ ಸರ್ಕಾರವೇ ಪ್ಯಾಸೆಂಜರ್ ಕಳಿಸುತ್ತಲ್ಲ, ನಮ್ಮ ಜೊತೆ ಯಾಕೆ ಸರದಿಗೆ ನಿಲ್ತೀ' ಅಂತ. ಇಪ್ಪತ್ತೈದು ವರ್ಷ ಒಟ್ಟಿಗೆ ಬೀಡಿ ಸೇದಿದವರು! ಥೂ. ಮನುಷ್ಯರೇನೇ ಇವರು?

ಎಂತದು ಅದು ರಿಂಗ್ ಆಗ್ತಿರೋದು? ಅಬ್ಬಾನ ಫೋನಾ? ಇಲ್ಲಿ ತಂದಿಟ್ಟುಕೊಂಡಿದೀಯಾ? … ಎತ್ತಬೇಡ ಬಿಡು. ಯಾರದ್ದೋ ನಲ್ಲಿ ದೂರು ಇರುತ್ತೆ. ಬೆಳಿಗ್ಗೆಯಿಂದ ಎಷ್ಟು? ಇಪ್ಪತ್ತೆರಡಾ! ನೋಡು, ಆಫೀಸಿನ ಫೋನಿಗೆ ವರ್ಷಕ್ಕೆ ಅಷ್ಟು ಬರಲ್ಲ. ಬಂದ್ರೂ ಯಾರೂ ಎತ್ತಲ್ಲ.

ತಪ್ಪೆಲ್ಲ ಯಾರದ್ದು? ಆ ಅಶ್ವಿನ್‌ದು. ಚಿಕ್ಕಮಗಳೂರಿನಲ್ಲಿ ಗಾಜಿನ ಬಾಗಿಲು ಹಾಕಿಸಿಕೊಂಡು ಕೂತಿದಾನಲ್ಲ, ವೆಬ್ ಡಿಸೈನ್ ಕಂಪನಿ ಅಂತೆ. ಎರಡು ಕುರ್ಚಿ, ಒಂದು ಕಾಫಿ ಮಿಷನ್ನು. ಕಾಫಿ ಬೆಳೆಯೋ ಜಿಲ್ಲೆಯಲ್ಲಿ ಕೂತು ಪುಡಿ ಪ್ಯಾಕೆಟ್ ಕಾಫಿ ಕುಡಿಸ್ತಾನೆ ಅಂದ್ರೆ ಅಲ್ಲೇ ತಿಳೀಬೇಕಿತ್ತು. ಒಂದೇ ಒಂದು ಸಲ ಬಂದ ನಮ್ಮೂರಿಗೆ, ಜುಲೈ ತಿಂಗಳಲ್ಲಿ, ಬಿಳಿ ಶೂ ಹಾಕಿಕೊಂಡು. ಬಣಕಲ್ ದಾಟಿದ ಮೇಲೆ ಫೋಟೋ ತೆಗೆಯೋಕೆ ಇಳಿದನಂತೆ, ರಕ್ತ ಹೀರೋ ಉಂಬಳ ಕಾಲಿಗೆ ಹತ್ತಿದೆ. ಮೀಟಿಂಗ್ ಪೂರ್ತಿ ಕಾಲು ಕೆರೆದುಕೊಳ್ತಾ 'ಯೂಸರ್ ಜರ್ನಿ, ಯೂಸರ್ ಜರ್ನಿ' ಅಂದ. ನಾನಂದೆ, ಸಾರ್, ನಮ್ಮ ಯೂಸರ್ ಜರ್ನಿ ಹೇಳ್ತೀನಿ ಕೇಳಿ: ಎಸ್ಟೇಟಿನ ಕೂಲಿ ಲೈನಿನಿಂದ ಮೂರು ಕಿಲೋಮೀಟರ್ ನಡೆದು, ಜೀಪು ಹತ್ತಿ, ನಮ್ಮ ಕೌಂಟರಿಗೆ ಬಂದು, ಸಾಹೇಬ್ರು ಬಂದಿಲ್ಲ ಅಂತ ಕೇಳಿಕೊಂಡು, ವಾಪಸ್ ಜೀಪು ಹತ್ತೋದು. ಬರ್ಕೊಂಡ! ನಿಜವಾಗ್ಲೂ ಬರ್ಕೊಂಡ, ಪೆದ್ದ.

ನಮ್ಮ ಮುಖ್ಯಾಧಿಕಾರಿಗಳು ಕಮ್ಮಿಯಾ? ಚನ್ನಕೇಶವ ಸಾಹೇಬ್ರಿಗೆ ವೆಬ್‌ಸೈಟ್ ಅಂದ್ರೆ ಗೋಡೆ. ಯಾರ ಫೋಟೋ ಎಲ್ಲಿ ತೂಗುಹಾಕೋದು ಅನ್ನೋದೇ ಚಿಂತೆ. ಅಧ್ಯಕ್ಷರದ್ದು ಮೇಲೆ, ತಮ್ಮದು ಪಕ್ಕದಲ್ಲಿ. ಉಪಾಧ್ಯಕ್ಷರಿಗೆ ಸಿಟ್ಟು. ಎಲ್ಲಾ ಒಂದೇ ಸಾಲಿಗೆ ಹಾಕಿದ್ರು, ಅಧ್ಯಕ್ಷರಿಗೆ ಸಿಟ್ಟು. ನಾಲ್ಕು ತಿಂಗಳು, ಯಾಸ್ಮಿನ್! ನಾಲ್ಕು ತಿಂಗಳು ಮೂರು ಮುಖ ಎಲ್ಲಿ ಅಂಟಿಸೋದು ಅಂತ ಫೈಲು ಓಡಾಡಿದೆ. ಉದ್ಘಾಟನೆಗೆ ಮೂರು ದಿನ ಇದೆ ಅನ್ನುವಾಗ ಸೈಟಿನಲ್ಲಿ ಏನಿತ್ತು ಹೇಳು? ಆ ಮೂರು ಮುಖ. 'ಕಾಫಿ ನಾಡಿಗೆ ಸ್ವಾಗತ' ಅಂತ ಒಂದು ಟೀ ತೋಟ. ಮತ್ತೆ ಕಿವಿಗೆ ಮೈಕು ಸಿಕ್ಕಿಸಿಕೊಂಡು ನಗೋ ಒಬ್ಬಳು ಬಿಳಿ ಹೆಂಗಸು. ಅವಳು ಯಾವ ವಾರ್ಡಿನವಳೋ!

ಹೌದು… ಆಮೇಲೆ ಚೆನ್ನಾಯ್ತು. ಏಕಾಏಕಿ ಚೆನ್ನಾಯ್ತು. ಯಾವ ವಾರ್ಡಿಗೆ ಯಾವ ದಿನ ನೀರು, ಕಸದ ಗಾಡಿ ಎಷ್ಟೊತ್ತಿಗೆ, ಯಾವ ಎಸ್ಟೇಟ್ ಲೈನು ಯಾವ ವಾರ್ಡಿಗೆ ಸೇರುತ್ತೆ, ಹೊರನಾಡಿಗೆ ಕೊನೆ ಬಸ್ಸು ಯಾವಾಗ… ಎಲ್ಲಾ ಬಂತು. ಜನ ನೋಡೋಕೆ ಶುರು ಮಾಡಿದ್ದೇ ಆಮೇಲೆ.

ಹಾಗೆ ನೋಡಬೇಡ ನನ್ನ. ಈ ಕೆಲಸ ಕೇಳಿ ನೀನು ಮಾಡಿಕೊಟ್ಟಿದ್ದ ಸ್ಯಾಂಪಲ್ ಸೈಟಿನ ಹಾಗೇ ಇದೆ, ನಾನು ಇಲ್ಲ ಅಂದ್ನಾ? ಮೂರು ವಾರ ನೀನು ಸ್ಕೂಟಿಯಲ್ಲಿ ವಾರ್ಡ್ ವಾರ್ಡ್ ಸುತ್ತಿ ನಲ್ಲಿ ಪಕ್ಕ ನಿಂತು ಟೈಮ್ ಬರ್ಕೊಂಡಿದ್ದು ನನಗೆ ಗೊತ್ತಿಲ್ವಾ? ದೂರಿನ ಪುಟಕ್ಕೆ ಒಂದು ನಂಬರು ಬೇಕು, ಸದ್ಯಕ್ಕೆ ಬಾಯಿಪಾಠ ಇರೋ ಅಬ್ಬಾನ ನಂಬರು ಹಾಕಿದೀನಿ ಅಕ್ಕಾ, ಆರ್ಡರ್ ಆದ್ಮೇಲೆ ಬದಲಾಯಿಸ್ತೀನಿ ಅಂತ ನೀನು ಹೇಳಿದ್ದೂ ನೆನಪಿದೆ. ಆ ಅಶ್ವಿನ್ ಎಲ್ಲೋ ಸಿಕ್ಕಿದ್ದನ್ನ ಎತ್ತಿ ಹಾಗೇ ಹಾಕಿಬಿಟ್ಟಿದಾನೆ. ಕದಿಯೋನಿಗೆ ಓದಿ ನೋಡೋ ವ್ಯವಧಾನವೂ ಇಲ್ಲ!

ಎಲ್ಲಿ ಸಿಕ್ತು ಅಂದ್ರೆ… ನನ್ನನ್ನ ಕೇಳ್ತೀಯಾ? ನಾನೇನು ಅವನ ಕಾವಲಿಗೆ ಕೂತಿದ್ನಾ? ಇಂಟರ್‌ನೆಟ್ಟಿನಲ್ಲಿ ಏನು ಬೇಕಾದ್ರೂ ಸಿಗುತ್ತೆ ಅವರಿಗೆ. ನೀನು ಅಲ್ಲಿ ಹಾಕೇ ಇರಲಿಲ್ವಾ… ಹೂಂ. ಪೆನ್ ಡ್ರೈವಿನಲ್ಲಿ ಮಾತ್ರ ಕೊಟ್ಟಿದ್ದು, ಸರಿ. ಅದನ್ನ ಕಮಿಟಿ ಮುಂದೆ ಇಟ್ಟೆ, ಯಾರೂ ನೋಡಲಿಲ್ಲ, ಬೀರುವಿಗೆ ಹಾಕಿದೆ. ಆಮೇಲೆ ರೆಕಾರ್ಡ್ ರೂಮು ಬದಲಾಯಿಸಿದ್ರು ನೋಡು, ಆ ಗಲಾಟೆಯಲ್ಲಿ ಕಳೆದೇ ಹೋಯ್ತು. ಹುಡುಕಿದೀನಿ ಕಣೇ. ಇಲಿ ಎಳ್ಕೊಂಡು ಹೋಗಿರಬೇಕು. ನಮ್ಮ ಆಫೀಸಿನ ಇಲಿಗಳು ಜನನ ಪ್ರಮಾಣಪತ್ರ ತಿಂದು ಬೆಳೆದವು, ಅವಕ್ಕೆ ಪೆನ್ ಡ್ರೈವ್ ಯಾವ ಲೆಕ್ಕ?

ಈಗ ನಗಬಹುದು… ಬೇಡ್ವಾ. ಸರಿ.

ನೋಡು, ನಾನು ಬಂದದ್ದು ನಿಮ್ಮ ಒಳ್ಳೇದಕ್ಕೇ. ಸಾಹೇಬ್ರು ನಿನ್ನೆ ಕೂಗಾಡಿದಾರೆ. ಆ ನಂಬರು ಸೈಟಿಗೆ ಹೇಗೆ ಬಂತು, ಯಾರು ಕೊಟ್ರು, ನಾಳೆಯೊಳಗೆ ಬರಹದಲ್ಲಿ ಬೇಕು ಅಂದಿದಾರೆ. ಇಲ್ಲದಿದ್ರೆ ಪೊಲೀಸ್ ಕಂಪ್ಲೇಂಟಂತೆ. ಜೀಪ್ ಸ್ಟ್ಯಾಂಡಿನ ಜಾಗ ಪಂಚಾಯಿತಿದು ತಾನೇ, ಹಬೀಬಣ್ಣನ ಜಾಗಾನೇ ತೆಗೀತೀನಿ ಅಂತ ಹಾರಾಡ್ತಾರೆ. ಅದಕ್ಕೆ ನಾನೊಂದು ಉಪಾಯ ಮಾಡಿದೀನಿ. ಒಂದು ಪತ್ರ. ನಾನೇ ಟೈಪ್ ಮಾಡಿ ತಂದಿದೀನಿ. 'ಹಬೀಬುರ್ರಹ್ಮಾನ್ ಆದ ನಾನು ನನ್ನ ಮೊಬೈಲ್ ಸಂಖ್ಯೆಯನ್ನು ತಿಳಿವಳಿಕೆಯಿಲ್ಲದೆ ಪಂಚಾಯಿತಿಗೆ ನಾನೇ ಕೊಟ್ಟಿರುತ್ತೇನೆ, ಮನ್ನಿಸಬೇಕು.' ಅಷ್ಟೇ. ನಾಲ್ಕು ಸಾಲು. ಅಬ್ಬಾ ಒಂದು ಸಹಿ ಹಾಕಿಬಿಟ್ರೆ ನಂಬರು ನಾಳೆಯೇ ತೆಗೆಸ್ತೀನಿ, ಫೈಲು ಮುಚ್ಚುತ್ತೆ.

ಸಹಿ ಹಾಕಿದ್ರೆ ಸ್ಟ್ಯಾಂಡಿನವರು ಹೇಳಿದ್ದೇ ನಿಜ ಅಂತಾಗುತ್ತಾ? ಅಯ್ಯೋ, ಅವರಿಗೆ ಯಾರು ತೋರಿಸ್ತಾರೆ! ಫೈಲಿನಲ್ಲಿ ಇರುತ್ತೆ ಅದು. ಫೈಲಿಗೆ ಹೋದದ್ದು ಹೊರಗೆ ಬಂದದ್ದನ್ನ ಎಲ್ಲಾದ್ರೂ ಕಂಡಿದೀಯಾ?

ತಗೋ, ಎರಡು ಕಾಪಿ ಪ್ರಿಂಟ್ ಹಾಕು. ಮೇಲ್ಗಡೆಯೇ ಇದೆ, 'ಪತ್ರ' ಅಂತ ಇರೋದು. ಹಾಕು ಬೇಗ, ಕರೆಂಟ್ ಹೋಗೋದ್ರೊಳಗೆ…

ಯಾಕೆ? ಸಿಕ್ಕಿಸು ಮಾರಾಯ್ತಿ, ಕೈಯಲ್ಲಿ ಹಿಡ್ಕೊಂಡು ಏನು ನೋಡ್ತೀ? ಪೆನ್ ಡ್ರೈವ್ ಅದು. ಎಲ್ಲಾ ಪೆನ್ ಡ್ರೈವೂ ಹಾಗೇ…

ಕೆಂಪು ಉಲ್ಲನ್ ದಾರ.

ಓ… ದಾರ ಯಾರು ಬೇಕಾದ್ರೂ ಕಟ್ಕೊಳ್ತಾರಪ್ಪ. ಕೆಂಪು ಉಲ್ಲನ್ ನಿನ್ನ ಸ್ವತ್ತಾ? ಗಿರಾಕಿಗಳ ಪೆನ್ ಡ್ರೈವಿನ ಜೊತೆ ಕಲೆತು ಹೋಗಬಾರದು ಅಂತ ನೀನು ಕಟ್ಟಿರ್ತೀಯ, ನಾನು… ನಾನೂ… ನಂಬರ್ ಸ್ಟಿಕ್ಕರ್ ಬೇರೆ ಇದೆ ಅಲ್ವಾ. ಮೂರು. ನಿನ್ನ ಅಕ್ಷರ.

ಸಿಕ್ಕೇಬಿಡ್ತು ನೋಡು, ಹೇಳೋಕೆ ಮರ್ತಿದ್ದೆ, ಮೊನ್ನೆ ಬೀರು ಕ್ಲೀನ್ ಮಾಡುವಾಗ… ಬೇಡ, ಅದನ್ನ ತೆರೀಬೇಡ. 'ಪತ್ರ' ಅಂತ ಇರೋದು ಮೇಲಿನದು. ಆ ಫೋಲ್ಡರ್ ಅಲ್ಲ. ಯಾಸ್ಮಿನ್, ಅದಲ್ಲ…

'ಅಶ್ವಿನ್‌ಗೆ ಕೊಡಲು.'

ಹೌದು. ನಾನೇ ಇಟ್ಟ ಹೆಸರು. ಎಷ್ಟು ಅಚ್ಚುಕಟ್ಟು ನೋಡು ನಾನು! ಕಳ್ಳತನಕ್ಕೂ ಫೋಲ್ಡರ್ ಮಾಡಿ ಹೆಸರು ಕೊಡೋಳು. ಎಂ.ಎ. ಓದಿದವಳು.

ಏನಾದ್ರೂ ಅನ್ನೇ. ಬೈಯಿ. 'ಭುವನಕ್ಕಾ' ಅಂತಲಾದ್ರೂ ಅನ್ನು.

ಉದ್ಘಾಟನೆಗೆ ಮೂರು ದಿನ ಇತ್ತು ಕಣೇ. ಸಾಹೇಬ್ರು ನನ್ನ ಟೇಬಲ್ ಮುಂದೆ ನಿಂತು, ಸೈಟು ತುಂಬದಿದ್ರೆ ಏಜೆನ್ಸಿಗೆ ಒಂದು ಫೋನ್ ಮಾಡ್ತೀನಿ, ಸೋಮವಾರದಿಂದ ಬೇರೆ ಆಪರೇಟರ್ ಕೂರ್ತಾರೆ ಅಂದ್ರು. ಹದಿನಾಲ್ಕು ವರ್ಷ ಆದ್ರೂ ನಾನು ಹೊರಗುತ್ತಿಗೆಯವಳೇ. ಒಂದು ಫೋನ್ ಸಾಕು ನನಗೆ. ಬೀರುವಿನಲ್ಲಿ ನಿಂದು ಇತ್ತು. ಅಶ್ವಿನ್‌ಗೆ 'ನೋಡಿಕೊಳ್ಳಿ, ಹೀಗೆ ಮಾಡಬಹುದು' ಅಂತ ಕೊಟ್ಟೆ. ನೋಡಿಕೊಳ್ಳೋಕೆ ಅಂತಲೇ ಕೊಟ್ಟಿದ್ದು… ಅಲ್ಲ. ಸುಳ್ಳು. ಹಾಕ್ಲಿ ಅಂತಲೇ ಕೊಟ್ಟಿದ್ದು.

ಇನ್ನೂ ಇದೆ. ಹೇಗೂ ಕೇಳಿಸಿಕೊಳ್ತಿದೀಯ, ಕೇಳು. ಕೊಟೇಶನ್ ಕೊಡು, ನಿನಗೇ ಆಗುತ್ತೆ ಅಂತ ಆಸೆ ಹುಟ್ಟಿಸಿದ್ದು ನಾನೇ ಅಲ್ವಾ. ಆಗಲ್ಲ ಅಂತ ಆವತ್ತೇ ಗೊತ್ತಿತ್ತು ನನಗೆ. ಫೈಲಿಗೆ ಮೂರು ಕೊಟೇಶನ್ ಬೇಕು. ಅಶ್ವಿನ್‌ದೊಂದು, ಅವನ ಭಾವಮೈದನ ಹೆಸರಿನಲ್ಲೊಂದು. ಮೂರನೆಯದು ಬೇಕಿತ್ತು, ನೀನು ಸಿಕ್ಕಿದೆ. 'ಸದರಿ ಅರ್ಜಿದಾರರು ಜೆರಾಕ್ಸ್ ಅಂಗಡಿ ನಡೆಸುತ್ತಿದ್ದು ಅನುಭವ ಹೊಂದಿರುವುದಿಲ್ಲ' ಅಂತ ಟೈಪ್ ಮಾಡಿದ ಬೆರಳೂ ಇವೇ. ಊರಿನಲ್ಲಿ ನಿಜವಾಗಿ ಕೆಲಸ ಬಲ್ಲವಳು ನೀನೊಬ್ಬಳೇ ಅಂತ ಗೊತ್ತಿದ್ದೂ.

ಮತ್ತೆ ಓಂಕಾರಮೂರ್ತಿ… ಚರಂಡಿ ಮಾತು ಅವರದ್ದೇ. ಅವರು ನಗ್ತಾನೇ ಹೇಳಿದ್ರು. "ಅಲ್ಲ ಭುವನಾ, ಹಬೀಬನ ನಂಬರು ಅಲ್ಲಿಗೆ ಹೇಗೆ ಬಂತು ಮಾರಾಯ್ತಿ?" ಅಂತ ಕೇಳಿದ್ರು. ಬಾಯಿಗೆ ಬಂದದ್ದು ಹೇಳಿಬಿಟ್ಟೆ. "ಬಾಡಿಗೆ ಸಿಗ್ಲಿ ಅಂತ ಅವರೇ ತೂರಿಸಿರಬೇಕು" ಅಂತ. ಅವರ ಅಂಗಡಿಯಿಂದ ಜೀಪ್ ಸ್ಟ್ಯಾಂಡಿಗೆ ಎಷ್ಟು ದೂರ? ನಾನು ಆಫೀಸಿಗೆ ವಾಪಸ್ ಬರೋದ್ರೊಳಗೆ ನಿಮ್ಮ ಜೀಪು ಸಾಲಿನ ಕೊನೆಗೆ ಹೋಗಿತ್ತು.

ಅಶ್ವಿನ್‌ನ ಬೈದೆ, ಸಾಹೇಬ್ರನ್ನ ಬೈದೆ. ಅವರು ಏನೂ ಗೊತ್ತಿಲ್ಲದ ಪೆದ್ದರು. ನಾನು ಎಲ್ಲಾ ಗೊತ್ತಿದ್ದವಳು.

ಆ ಪತ್ರ ಪ್ರಿಂಟ್ ಹಾಕಬೇಡ. ಡಿಲೀಟ್ ಮಾಡು… ಅಥವಾ ಬೇಡ, ಇಟ್ಕೋ. ಫೋಲ್ಡರನ್ನೂ ಇಟ್ಕೋ. ಪೆನ್ ಡ್ರೈವ್ ನಿಂದೇ ತಾನೇ.

ಮತ್ತೆ ರಿಂಗ್ ಆಗ್ತಿದೆ. ಯಾರು? ತಿರುಗಿಸು, ಕಾಣಲಿ… ಓಂಕಾರಮೂರ್ತಿ. ಚರಂಡಿ ಇನ್ನೂ ತೆಗೆದಿಲ್ಲ ಅಂತ ಕಾಣುತ್ತೆ, ಆಫೀಸಿನ ಫೋನು ಯಾರೂ ಎತ್ತಿರಲ್ಲ.

ಎತ್ತು ಯಾಸ್ಮಿನ್. ನನ್ನ ಕೈಗೆ ಕೊಡಬೇಡ, ನಾನು ಎತ್ತಿದ್ರೆ ಬೇರೆ ಏನಾದ್ರೂ ಹೇಳಿಬಿಡ್ತೀನಿ, ನನ್ನ ನಾಲಿಗೆ ನನಗೆ ಗೊತ್ತು. ನೀನೇ ಎತ್ತು. ನಂಬರು ಕೊಟ್ಟದ್ದು ಹಬೀಬಣ್ಣ ಅಲ್ಲ, ಭುವನಾ ಅಂತ ಹೇಳು. ಪೆನ್ ಡ್ರೈವೂ ಅವಳೇ, ಬಾಡಿಗೆ ಮಾತೂ ಅವಳೇ ಅಂತ ಹೇಳು. ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಹೇಳಿ ಅನ್ನು. ಮೊನ್ನೆಯದನ್ನ ಮುಟ್ಟಿಸಿದಷ್ಟೇ ಬೇಗ ಇದನ್ನೂ ಮುಟ್ಟಿಸಲಿ.

ಯಾರು ಹೇಳಿದ್ದು ಅಂತ ಕೇಳ್ತಾರೆ. ಕೇಳೇ ಕೇಳ್ತಾರೆ. ಭುವನಾನೇ ಹೇಳಿದ್ದು, ಇಲ್ಲೇ ನನ್ನ ಎದುರು ಕೂತಿದಾಳೆ ಅನ್ನು.

ಎತ್ತು, ನಿಂತು ಹೋಗುತ್ತೆ.