ಊಟ ನೋಡಲು ಹೋದಾಗ

"ಊಟ ಬಂತಾ ನೋಡೋಕೆ ನಾನೇ ಬೇಕಿತ್ತಾ?"

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಹುಡುಗಿ ಕಿಟಕಿಯತ್ತ ತಿರುಗಿ ಕೇಳಿದಳು. ನಾನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ ಪದ್ಯ ಅರ್ಧಕ್ಕೆ ನಿಂತಿತು. ಅವಳೂ ಅವಳ ಪಕ್ಕ ಕೂತಿದ್ದ ಹಿರಿಯಾಕೆಯೂ ಒಂದೇ ಯುವಜನ ಸಂಘದ ಟೀ ಶರ್ಟು ತೊಟ್ಟಿದ್ದರು. ಸಂಘದ ಮುಂದಿನ ಯೋಜನೆ ರೂಪಿಸುವ ಶಿಬಿರದಿಂದ ಮರಳುತ್ತಿದ್ದರು.

"ಎಲ್ಲರೂ ಹಸಿದಿದ್ರು ಕಣೇ."

"ನಾನು ಬರೋದ್ರೊಳಗೆ ವೋಟಿಗೆ ಕೈ ಎತ್ತಿಸಿ, ನಾನು ನಡೆಸೋ ಮಕ್ಕಳ ನಾಟಕ ತಂಡ ಮುಚ್ಚಿಬಿಟ್ರಿ. ನಿಮ್ಮ ಕೈಯೂ ಮೇಲಿತ್ತಂತೆ."

"ಅಲ್ಲಿದ್ದಿದ್ರೆ ನೀನು ಅತ್ತುಬಿಡ್ತಿದ್ದೆ."

"ಅದಕ್ಕೇ ಕಳಿಸಿದ್ರಾ? ನಾನು ನಿಮಗೆ ಬಡಿಸಿ, ಉಪ್ಪು ಸಾಕಾ ಅಂತ ಬೇರೆ ಕೇಳ್ದೆ!"

ಹಿರಿಯಾಕೆ ಚೀಲ ಹೆಗಲಿಗೇರಿಸಿದಳು. ಅವರ ನಿಲ್ದಾಣ ಬಂತು, ಇಬ್ಬರೂ ಎದ್ದರು.

"ನಾಳೆ ಮಕ್ಕಳಿಗೆ ನೀನೇ ಹೇಳ್ಬಿಡೇ. ನಿನ್ನ ಮಾತಾದ್ರೆ ಕೇಳ್ತಾರೆ."

"ಬಣ್ಣ ಹಚ್ಕೊಂಡು ಕಾಯ್ತಿರ್ತಾರೆ, ನೀವೇ ಬಂದು ಹೇಳಿ. ನಾನು ಹೇಳಲ್ಲ, ಅಕ್ಕ."