ಮೂರು ಉಗುರಿನ ಕೋಲು

ನಗುವವರು ಈಗಲೇ ಎದ್ದು ಹೋಗಿ. ಇದು ನಮ್ಮ ಪಕ್ಕದ ಮನೆಯ ಐಸಣ್ಣನಿಗೆ ಆದದ್ದು.

ಆ ರಾತ್ರಿ ಅವನು ಐಸ್ ಫ್ಯಾಕ್ಟರಿಯಿಂದ ಹೊರಟಾಗ ಹನ್ನೊಂದು ದಾಟಿತ್ತು. ಹಾಳುಬಾವಿ ಹತ್ತಿರ ಗಾಳಿಯೂ ಇರಲಿಲ್ಲ. ಅವನ ಚಪ್ಪಲಿಯದ್ದೇ ಸದ್ದು... ಚಟ್, ಚಟ್. ಮನೆಯಲ್ಲಿ ಕಾಯುವವರಿಲ್ಲ, ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ಅವಳದೊಂದು ಹುಡುಗಾಟವಿತ್ತು. ಇವನ ಹೆಜ್ಜೆ ಕೇಳಿದರೆ ಒಳಗಿನಿಂದ ಬಾಗಿಲನ್ನು ಉಗುರಲ್ಲಿ ಎರಡು ಸಲ ಕೆರೆಯುತ್ತಿದ್ದಳು. ಇವನೂ ಹೊರಗಿನಿಂದ ಒಂದು ಸಲ ಕೆರೆದರೆ ಮಾತ್ರ ಚಿಲಕ ತೆಗೆಯುತ್ತಿದ್ದಳು. ಇಲ್ಲದಿದ್ದರೆ ಜಗಲಿಯೇ ಗತಿ!

ಹಿಂದಿನ ದಿನ ಫ್ಯಾಕ್ಟರಿಯಲ್ಲಿ ಹಳೇ ಹಡಗಿನ ಐಸ್ ಪೆಟ್ಟಿಗೆಯೊಂದರ ಹಲಗೆ ಕಿತ್ತಾಗ ಗೇಣುದ್ದದ ಕೋಲು ಸಿಕ್ಕಿತ್ತು. ತುದಿಯಲ್ಲಿ ಮೂರು ಕಪ್ಪು ಉಗುರು, ತೊಗಲಿನ ದಾರದಲ್ಲಿ ಬಿಗಿದದ್ದು. ಇವತ್ತು ಮಧ್ಯಾಹ್ನ ಅದನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಎದುರುಮನೆ ಅಜ್ಜನಿಗೆ ತೋರಿಸಿದ್ದ. ಅಜ್ಜ ಹಡಗಿನಲ್ಲಿ ದುಡಿದವನು.

“ಇದು ಹಿಮದ ಕಡಲಿನ ಬೇಟೆಗಾರರದ್ದು ಕಣೋ. ಇದರಲ್ಲಿ ಮಂಜುಗಡ್ಡೆ ಕೆರೀತಾರೆ. ಆ ಸದ್ದು ಕೇಳಿದ್ರೆ ಸೀಲ್ ಅನ್ನೋ ಕಡಲ ಪ್ರಾಣಿಗೆ, ನಮ್ಮೋರೇ ಯಾರೋ ಇದಾರೆ ಅನ್ಸುತ್ತೆ. ಹೆದರದೆ ಇರುತ್ತೆ... ಆಮೇಲೆ ಭರ್ಜಿ.”

“ಅಯ್ಯೋ ಪಾಪ” ಅಂದಿದ್ದ ಐಸಣ್ಣ. ಹೊತ್ತಾಯಿತೆಂದು ಚೀಲವನ್ನು ಮನೆಯೊಳಗೆ ಎಸೆದು, ಬೀಗ ಹಾಕಿ ಕೆಲಸಕ್ಕೆ ಓಡಿದ್ದ.

ಈಗ ಮನೆ ತಲುಪಿ ಬೀಗಕ್ಕೆ ಕೈ ಹಾಕಬೇಕು... ಒಳಗಿನಿಂದ ಕರ್ರ್... ಕರ್ರ್.

ಎರಡೇ ಸಲ. ಅವನ ಬೆರಳು ತಾನಾಗಿಯೇ ಬಾಗಿಲ ಕಡೆ ಹೋಯಿತು. ಇನ್ನೇನು ಉಗುರು ತಾಗಬೇಕು, ಅಜ್ಜನ ಮಾತು ನೆನಪಾಯಿತು. ಕೋಲು ಒಳಗೇ ಇದೆ. ನಮ್ಮವರು ಅನ್ನಿಸಿ ಕೊಲ್ಲಿಸುವುದೇ ಅದರ ಕೆಲಸ.

“ಯಾರು?” ಪಿಸುಗುಟ್ಟಿದ.

ಕರ್ರ್... ಕರ್ರ್. ಈ ಸಲ ಮೆಲ್ಲಗೆ.

“ನಾನು ಬರಲ್ಲ... ಹೋಗು.”

ಸದ್ದು ನಿಂತಿತು. ಐಸಣ್ಣ ರಾತ್ರಿಯೆಲ್ಲ ಜಗಲಿಯಲ್ಲಿ ಮುದುರಿ ಕೂತಿದ್ದ.

ಬೆಳಗಾಗುತ್ತಲೇ ಅಜ್ಜ ಬಂದ. ಕೈಯಲ್ಲಿ ಅದೇ ಕೋಲು. “ನಿನ್ನೆ ನಮ್ಮನೇಲೇ ಮರೆತು ಹೋಗಿದ್ಯಲ್ಲೋ, ತಗೋ.”

ಐಸಣ್ಣ ತಟ್ಟನೆ ಎದ್ದ. ಬೀಗ ತೆಗೆದು ಒಳಗೆ ಹೋದ. ಚೀಲ ಬರಿದಾಗಿತ್ತು. ಬಾಗಿಲ ಒಳಮೈಯ ಬಣ್ಣದಲ್ಲಿ ನಾಲ್ಕು ಹೊಸ ಗೆರೆ... ಒಂದೊಂದೂ ಒಂಟಿ ಉಗುರಿನದು. ಆ ಗಟ್ಟಿಗ ಅದಕ್ಕೆ ಹಣೆ ಆನಿಸಿಕೊಂಡು ಮಕ್ಕಳ ಹಾಗೆ ಅತ್ತ.

ಆ ಸದ್ದು ಮತ್ತೆ ಕೇಳಿಸಲಿಲ್ಲ. ಸುಳ್ಳು ಅನ್ನುವವರು ಯಾವ ಹೊತ್ತಿಗಾದರೂ ಬಂದು ಗೆರೆ ನೋಡಿ. ಅವತ್ತಿನಿಂದ ಐಸಣ್ಣ ಆ ಮನೆಗೆ ಬೀಗ ಹಾಕಿಲ್ಲ.