ಅಮ್ಮನ ಊಟ ಅಡುಗೆಮನೆಯಲ್ಲಿ

ಬೆಳಗ್ಗೆ ಅಂಗಡಿ ಗುಡಿಸುತ್ತಿದ್ದ ದರ್ಜಿ ಹೆಂಗಸು, ತಾಯಿ ಮಗಳು ಒಳಗೆ ಬಂದದ್ದು ನೋಡಿ ಪೊರಕೆ ಮೂಲೆಗಿಟ್ಟಳು. ತೂಕ ಇಳಿಸುವ ಆಪರೇಷನ್ ಆದಮೇಲೆ ಬಟ್ಟೆಗಳೆಲ್ಲ ದೊಗಳೆಯಾಗಿವೆ ಎನ್ನುತ್ತಾ ತಾಯಿ ಅಳತೆಗೆ ನಿಂತಳು. ದರ್ಜಿಯ ಕೈಯಲ್ಲಿ ಟೇಪಿತ್ತು, ಕಿವಿ ಮಾತ್ರ ಅವರ ಮಾತಿನ ಮೇಲಿತ್ತು.

"ಅಮ್ಮಾ, ಈಗ ನಿನ್ನ ತಬ್ಬಿದ್ರೆ ನನ್ನ ಎರಡೂ ಕೈ ಸೇರುತ್ತೆ."

"ಹೂಂ ಮತ್ತೆ! ಮೊದಲು ಗೋಡೆ ತಬ್ಬಿದ ಹಾಗಿರ್ತಿತ್ತು."

"ಆ ಗೋಡೆ ನನ್ನ ಜೊತೆ ಊಟಕ್ಕೆ ಕೂತ್ಕೋತಿತ್ತು."

"ಈಗ ಒಂದೊಂದು ತುತ್ತೂ ನುಣ್ಣಗೆ ಅಗೀಬೇಕು ಕಂದಾ. ನೀವೆಲ್ಲ ಕೈ ತೊಳೆದರೂ ನನ್ನ ಪುಟ್ಟ ಬಟ್ಟಲು ಮುಗಿದಿರಲ್ಲ."

"ನಾನು ಕಾಯ್ತೀನಿ."

"ಊಟದ ಮಧ್ಯೆ ನೀರೂ ಕುಡಿಯೋ ಹಾಗಿಲ್ಲ."

"ನಾನೂ ಕುಡಿಯಲ್ಲ."

"ಹುಚ್ಚಿ, ನಿಂಗ್ಯಾಕೆ ನನ್ನ ಪಥ್ಯ? ನಿಮ್ಮ ತಟ್ಟೆ ನೋಡಿದ್ರೆ ನಂಗೆ ಆಸೆ ತಡೆಯೋಕಾಗಲ್ಲ. ಅಡುಗೆಮನೇಲಿ ಒಬ್ಬಳೇ ತಿನ್ನೋದೇ ವಾಸಿ."

ಮಗಳು ಮೇಜಿನ ಮೇಲಿದ್ದ ಚಿಂದಿ ಬಟ್ಟೆಯನ್ನು ಬೆರಳಿಗೆ ಸುತ್ತತೊಡಗಿದ್ದು ನೋಡಿ ತಾಯಿಯೇ ಮಾತು ಬದಲಿಸಿದಳು.

"ಅಲ್ವೇ, ಈಗ ನೀನು ತಟ್ಟೇಲಿ ಒಂದು ಅಗಳೂ ಬಿಡಲ್ವಂತೆ. ಅಜ್ಜಿ ಹೇಳಿದ್ರು, ಜಾಣೆ!"

ಅಳತೆ ಮುಗಿದು ಇಬ್ಬರೂ ಬಾಗಿಲ ತನಕ ನಡೆದರು. ಹೊಸಿಲ ಮೇಲೆ ಮಗಳು ತಾಯಿಯ ಬೆರಳು ಹಿಡಿದು ನಿಂತುಬಿಟ್ಟಳು.

"ಅಮ್ಮಾ, ನಾನು ತಟ್ಟೇಲಿ ಬಿಟ್ಟಿದ್ದನ್ನೆಲ್ಲ ನೀನು ತಿಂತಿದ್ಯಲ್ಲ, ಅದಕ್ಕೇನಾ ನೀನು ಅಷ್ಟು ದಪ್ಪ ಆಗಿದ್ದು?"